ಶಾಲೆಯ ಬಾಗಿಲು ಮತ್ತು ವಿದ್ಯಾರ್ಥಿಗಳ ಪ್ರತಿಭಟನೆ: ಕುಂದಾಪುರ ಸೀಮೆಯನ್ನು ಕುರಿತ ಒಂದು ಚಾರಿತ್ರಿಕ ವಿವೇಚನೆ

ವಿದ್ಯಾರ್ಥಿಗಳ ಪ್ರತಿಭಟನೆಯನ್ನು ಕುರಿತು ನಮ್ಮಲ್ಲಿ ನಡೆದಿರುವ ವಿವೇಚನೆ ಬಹುಮಟ್ಟಿಗೆ ವಿದ್ಯಾರ್ಥಿಗಳ ಕಡೆಯಿಂದ ಹೊರಟುದು. ಅವರು ಯಾವ ಕರೆಗೆ ಓಗೊಟ್ಟರು, ಯಾವ ಮೆರವಣಿಗೆಯಲ್ಲಿ ನಡೆದರು, ಯಾವ ಶಿಕ್ಷೆಯನ್ನು ಅನುಭವಿಸಿದರು ಎಂಬುದನ್ನು ಸ್ವಾತಂತ್ರ್ಯ ಚಳವಳಿಯ ಇತಿಹಾಸಗಳು ವಿಸ್ತಾರವಾಗಿ ಹೇಳುತ್ತವೆ. ಅದೇ ದಿನ ಶಾಲೆಯ ಒಳಗೆ ಕುಳಿತಿದ್ದ ಮುಖ್ಯೋಪಾಧ್ಯಾಯನಿಗೆ ಯಾವ ಅಧಿಕಾರವಿದ್ದಿತು, ಅವನ ಮುಂದೆ ಯಾವ ದಾರಿಗಳು ತೆರೆದಿದ್ದವು, ಅವುಗಳಲ್ಲಿ ಯಾವುದನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯ ಅವನಿಗೆ ಉಳಿದಿದ್ದಿತು ಎಂಬ ಪ್ರಶ್ನೆಗಳು ಇದಕ್ಕಿಂತ ಕಡಮೆ ಮಹತ್ವದವಲ್ಲ. ಬೈಂದೂರು, ಕುಂದಾಪುರ, ಬ್ರಹ್ಮಾವರಗಳ ಕರಾವಳಿ ಸೀಮೆಯನ್ನು ಕಣ್ಣ ಮುಂದಿಟ್ಟುಕೊಂಡು, ಅಗತ್ಯವಿದ್ದೆಡೆ ಅದರ ಹೊರಗಿನ ನಿದರ್ಶನಗಳನ್ನೂ ಸೇರಿಸಿಕೊಂಡು, ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಯೋಜಿತ ಪ್ರತಿಭಟನೆ, ಎಂದರೆ ಮುಂಚಿತವಾಗಿಯೇ ಶಾಲೆಯ ಕಿವಿಗೆ ಬಿದ್ದಿರುವ ಪ್ರತಿಭಟನೆ. ಹಠಾತ್ತನೆ ಎದ್ದ ಗದ್ದಲವನ್ನು ಎದುರಿಸುವುದು ಒಂದು ಬಗೆ. ನಾಳೆ ಇಂಥದು ನಡೆಯಲಿದೆ ಎಂದು ತಿಳಿದ ಮೇಲೆ ಅದನ್ನು ಎದುರಿಸುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಸುದ್ದಿಗೂ ಕೃತಿಗೂ ನಡುವೆ ಕೆಲವು ಗಂಟೆಗಳ ಅಥವಾ ದಿನಗಳ ಅವಕಾಶ ಶಾಲೆಗೆ ದೊರೆಯುತ್ತದೆ. ಆ ಅವಕಾಶ ಯಾರ ಕೈಗೆ ಹೋಯಿತು ಎಂಬುದರ ಮೇಲೆ ಪ್ರತಿಭಟನೆಯ ಪರಿಣಾಮ ಬಹಳಮಟ್ಟಿಗೆ ನಿಂತಿರುತ್ತದೆ ಎಂಬುದು ಮುಂದಿನ ವಿವರಗಳಿಂದ ಸ್ಪಷ್ಟವಾಗುವುದೆಂದು ನಂಬಿದ್ದೇನೆ.

1. ನಿಯಮದ ಹುಟ್ಟು

ದಕ್ಷಿಣ ಕನ್ನಡ ಜಿಲ್ಲೆ 1956ರ ವರೆಗೆ ಮದರಾಸು ಆಡಳಿತಕ್ಕೆ ಸೇರಿದ್ದಿತು. ಆದುದರಿಂದ ಇಲ್ಲಿನ ಶಾಲೆಗಳ ಶಿಸ್ತಿನ ಚರಿತ್ರೆಯನ್ನು ಮೈಸೂರಿನಲ್ಲಲ್ಲ, ಮದರಾಸು ಪ್ರಾಂತದಲ್ಲಿ ಹುಡುಕಬೇಕು.

ವಂಗಭಂಗದ ವಿರುದ್ಧ ಎದ್ದ ಸ್ವದೇಶೀ ಚಳವಳಿಯಲ್ಲಿ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಸೇರಿದಾಗ, 1905ರ ಅಕ್ಟೋಬರಿನಲ್ಲಿ ಬಂಗಾಳ ಸರ್ಕಾರ ಕಾರ್ಲೈಲ್ ಸುತ್ತೋಲೆಯನ್ನು ಹೊರಡಿಸಿತು. 1907ರ ಮೇ ತಿಂಗಳಲ್ಲಿ ಭಾರತ ಸರ್ಕಾರದ ರಿಸ್ಲಿ ಸುತ್ತೋಲೆ ಇಂಥ ನೀತಿಯನ್ನೇ ಎಲ್ಲ ಪ್ರಾಂತಗಳಿಗೂ ವಿಸ್ತರಿಸಿತು. ಈ ಎರಡನೆಯ ಸುತ್ತೋಲೆಯ ಎರಡು ಅಂಶಗಳು ನಮಗೆ ಮುಖ್ಯವಾದವು. ಮೊದಲನೆಯದಾಗಿ, ಅದು ಶಾಲೆಯ ಹುಡುಗರಿಗೂ ಕಾಲೇಜಿನ ವಿದ್ಯಾರ್ಥಿಗಳಿಗೂ ನಡುವೆ ಗೆರೆ ಎಳೆಯಿತು: ಶಾಲೆಯ ಹುಡುಗರು ರಾಜಕೀಯ ಸಭೆಗಳ ಹತ್ತಿರ ಸುಳಿಯಲೇಬಾರದು, ಕಾಲೇಜಿನವರ ವಿಷಯದಲ್ಲಿ ನಿರ್ಬಂಧ ಅಷ್ಟು ಬಿಗಿಯಾದುದಲ್ಲ. ಎರಡನೆಯದಾಗಿ, ಅದು ದಂಡದ ಭಯವನ್ನು ಹುಡುಗನೊಬ್ಬನಿಗೇ ಸೀಮಿತಗೊಳಿಸಲಿಲ್ಲ. ವಿದ್ಯಾರ್ಥಿಗಳನ್ನು ತಡೆಯದ ಶಾಲೆಯ ಸಹಾಯಧನ ನಿಲ್ಲಬಹುದು, ಅದರ ಹುಡುಗರು ವಿದ್ಯಾರ್ಥಿವೇತನದ ಸ್ಪರ್ಧೆಯಿಂದ ಹೊರಗುಳಿಯಬಹುದು, ಅದಕ್ಕೆ ವಿಶ್ವವಿದ್ಯಾನಿಲಯದ ಮನ್ನಣೆ ತಪ್ಪಬಹುದು. ಹೀಗೆ ಒಬ್ಬ ಹುಡುಗನ ವರ್ತನೆಗೆ ಇಡೀ ಶಾಲೆ ಜಾಮೀನಾಗಬೇಕಾಯಿತು. ಮುಖ್ಯೋಪಾಧ್ಯಾಯನು ತನ್ನ ಹುಡುಗರಿಗೂ ಸರ್ಕಾರಕ್ಕೂ ನಡುವೆ ನಿಂತ ಹಿರಿಯನಾಗಿದ್ದವನು, ಅಲ್ಲಿಂದ ಮುಂದೆ ಸರ್ಕಾರಕ್ಕೆ ಉತ್ತರ ಹೇಳಬೇಕಾದ ಕಾವಲುಗಾರನೂ ಆದನು.

ಮದರಾಸು ಪ್ರಾಂತದಲ್ಲಿ ಇದರ ಮೊದಲ ದೊಡ್ಡ ನಿದರ್ಶನ ರಾಜಮಹೇಂದ್ರಿಯದು. 1907ರ ಏಪ್ರಿಲಿನಲ್ಲಿ ಬಿಪಿನ್ ಚಂದ್ರ ಪಾಲರು ಅಲ್ಲಿ ಉಪನ್ಯಾಸ ಮಾಡಿದರು. ವಂದೇ ಮಾತರಂ ಪದಕಗಳನ್ನು ಧರಿಸಿ ತರಗತಿಗೆ ಬಂದ ವಿದ್ಯಾರ್ಥಿಗಳಿಗೂ ಪ್ರಿನ್ಸಿಪಾಲ್ ಮಾರ್ಕ್ ಹಂಟರರಿಗೂ ಘರ್ಷಣೆಯಾಯಿತು. ಅನೇಕ ವಿದ್ಯಾರ್ಥಿಗಳು ಹೊರಹಾಕಲ್ಪಟ್ಟರು. ಮುಂದೆ ಆಂಧ್ರದ ಪ್ರಸಿದ್ಧ ನಾಯಕರಾದ ಗಾಡಿಚೆರ್ಲ ಹರಿಸರ್ವೋತ್ತಮ ರಾವ್ ಅವರಲ್ಲೊಬ್ಬರು. ಎದೆಯ ಮೇಲಿನ ಒಂದು ಚಿಹ್ನೆಯನ್ನು ತರಗತಿಯ ಶಿಸ್ತಿನ ಪ್ರಶ್ನೆಯನ್ನಾಗಿ ಮಾಡಿದಾಗ ಅದು ಎಷ್ಟು ಬೇಗ ಪ್ರಾಂತದ ಪ್ರಶ್ನೆಯಾಗುತ್ತದೆ ಎಂಬುದನ್ನು ಈ ಘಟನೆ ತೋರಿಸಿಕೊಟ್ಟಿತು.

2. ನದಿಗಳ ನಡುವಣ ಶಾಲೆ

ಕುಂದಾಪುರ ಸೀಮೆಯಲ್ಲಿ ಶಾಲೆಯಿಂದ ಹೊರಬೀಳುವುದೆಂದರೆ ಏನಾಗಿದ್ದಿತು ಎಂಬುದನ್ನು ತಿಳಿಯಲು ಈ ನಾಡಿನ ನೆಲವನ್ನು ನೋಡಬೇಕು. ಬೈಂದೂರಿನ ಕಡೆಯಿಂದ ಬರುವವನು ಪಂಚಗಂಗಾವಳಿಯ ನೀರನ್ನು ದಾಟದೆ ಕುಂದಾಪುರವನ್ನು ಸೇರಲಾರ. ಕುಂದಾಪುರದಿಂದ ಬ್ರಹ್ಮಾವರದ ಮೇಲೆ ಉಡುಪಿಗೆ ಹೋಗುವವನಿಗೆ ಸೀತಾನದಿ, ಸ್ವರ್ಣಾನದಿಗಳು ಅಡ್ಡವಾಗುತ್ತವೆ. ಸೇತುವೆಗಳಿಲ್ಲದ ಕಾಲದಲ್ಲಿ ಕಡವಿನ ದೋಣಿಯೇ ಗತಿ. ಮಳೆಗಾಲದಲ್ಲಿ ಅದನ್ನೂ ನಂಬುವಂತಿರಲಿಲ್ಲ. ಹಳ್ಳಿಯ ಹುಡುಗನು ಬಂಧುಗಳ ಮನೆಯಲ್ಲಿಯೋ ವಾರಾನ್ನದ ಆಶ್ರಯದಲ್ಲಿಯೋ ಉಳಿದು ಪೇಟೆಯ ಹೈಸ್ಕೂಲಿನಲ್ಲಿ ಓದಬೇಕಾಗಿದ್ದಿತು. ಇಂಥವನು ನಡತೆಯ ಕಾರಣದಿಂದ ಶಾಲೆ ಬಿಡಬೇಕಾಗಿ ಬಂದರೆ ಮತ್ತೊಂದು ಶಾಲೆಯನ್ನು ಹುಡುಕಲು ಎರಡು ಹೊಳೆಗಳನ್ನು ದಾಟಬೇಕು. ದಾಟಿದರೂ ಹಿಂದಿನ ಶಾಲೆಯ ವರ್ಗಾವಣೆ ಪತ್ರವಿಲ್ಲದೆ ಅಲ್ಲಿ ಪ್ರವೇಶವಿಲ್ಲ. ದೊಡ್ಡ ನಗರದಲ್ಲಿ ಬಹಿಷ್ಕಾರವೆಂದರೆ ಶಾಲೆಯ ಬದಲಾವಣೆಯಾಗಬಹುದಾಗಿದ್ದಿತು. ಇಲ್ಲಿ ಅದು ಅನೇಕರ ಪಾಲಿಗೆ ವಿದ್ಯಾಭ್ಯಾಸದ ಮುಕ್ತಾಯವೇ ಆಗುವಂತಿದ್ದಿತು. ಶಾಲೆಯ ಬಾಗಿಲಿಗೆ ಈ ಸೀಮೆಯಲ್ಲಿ ವಿಶೇಷವಾದ ತೂಕ ಬಂದುದು ಹೀಗೆ.

1920ರ ಆಗಸ್ಟ್ 19ರಂದು ಗಾಂಧೀಜಿ ಶೌಕತ್ ಅಲಿಯವರೊಡನೆ ಮಂಗಳೂರಿಗೆ ಬಂದರು. ಆ ವರ್ಷದ ಡಿಸೆಂಬರಿನಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನ ಅಸಹಕಾರದ ನಿರ್ಣಯವನ್ನು ಸ್ಥಿರಪಡಿಸಿತು. ಶಾಲೆಗಳ ಬಹಿಷ್ಕಾರವನ್ನು ಕುರಿತ ಅದರ ಭಾಗ ಎಚ್ಚರಿಕೆಯಿಂದ ರಚಿತವಾದುದು. ಹದಿನಾರು ವರ್ಷಕ್ಕೆ ಕಡಮೆ ವಯಸ್ಸಿನ ಮಕ್ಕಳ ವಿಷಯದಲ್ಲಿ ಅದು ಕರೆಯಿತ್ತುದು ಮಕ್ಕಳಿಗಲ್ಲ, ತಂದೆತಾಯಿಗಳಿಗೆ ಮತ್ತು ಪೋಷಕರಿಗೆ. ಹದಿನಾರು ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ಮಾತ್ರ, ತಮ್ಮ ಅಂತಃಸಾಕ್ಷಿ ಒಪ್ಪದಿದ್ದಲ್ಲಿ, ಸರ್ಕಾರಿ ಸಂಬಂಧವುಳ್ಳ ಸಂಸ್ಥೆಗಳನ್ನು ಪರಿಣಾಮವನ್ನು ಲೆಕ್ಕಿಸದೆ ಬಿಡುವಂತೆ ನೇರವಾಗಿ ಹೇಳಿತು.

ಸರ್ಕಾರವೂ ಕಾಂಗ್ರೆಸ್ಸೂ ಪರಸ್ಪರ ವಿರೋಧಿಗಳಾಗಿದ್ದರೂ ಹುಡುಗನಿಗೂ ಯುವಕನಿಗೂ ನಡುವೆ ಒಂದು ಗೆರೆ ಇರಬೇಕೆಂಬ ವಿಷಯದಲ್ಲಿ ಒಮ್ಮತದಿಂದಿದ್ದುದು ಗಮನಾರ್ಹ. ಆದರೆ ಹೈಸ್ಕೂಲಿನ ಮೇಲ್ತರಗತಿಗಳಲ್ಲಿ ಈ ಹದಿನಾರರ ಗೆರೆ ಬೆಂಚುಗಳ ನಡುವೆಯೇ ಹಾದುಹೋಗುತ್ತಿದ್ದಿತು. ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರಲ್ಲಿ ಒಬ್ಬನ ನಿರ್ಧಾರ ಅವನ ಅಂತಃಸಾಕ್ಷಿಗೆ ಸೇರಿದುದು, ಮತ್ತೊಬ್ಬನದು ಅವನ ತಂದೆಗೆ ಸೇರಿದುದು. ಪ್ರಾಥಮಿಕ ಶಾಲೆಗಾಗಲಿ ಕಾಲೇಜಿಗಾಗಲಿ ಇಲ್ಲದ ಈ ತೊಡಕು ಹೈಸ್ಕೂಲಿನದೇ ಆದುದು. ಇಂದಿಗೂ ಅದು ಬಿಟ್ಟಿಲ್ಲ.

ಈ ಸೀಮೆಯ ಅತ್ಯಂತ ಪ್ರಸಿದ್ಧ ಅಸಹಕಾರಿ ವಿದ್ಯಾರ್ಥಿ ಶಿವರಾಮ ಕಾರಂತರು. 1902ರಲ್ಲಿ ಕೋಟದಲ್ಲಿ ಹುಟ್ಟಿ, ಕುಂದಾಪುರದಲ್ಲಿ ಹೈಸ್ಕೂಲು ಮುಗಿಸಿ, ಮಂಗಳೂರಿನ ಸರ್ಕಾರಿ ಕಾಲೇಜನ್ನು ಸೇರಿದ್ದ ಅವರು ಗಾಂಧೀಜಿಯ ಕರೆಗೆ ಓಗೊಟ್ಟು ಓದನ್ನು ಬಿಟ್ಟರು. ಖಾದಿಯ ಪ್ರಚಾರದಲ್ಲಿ ತೊಡಗಿದರು. ಕುಂದಾಪುರದಿಂದ 'ವಸಂತ' ಪತ್ರಿಕೆಯನ್ನು ಹೊರಡಿಸಿದರು. ಮಂಗಳೂರಿನಲ್ಲಿ ಕಾರ್ನಾಡು ಸದಾಶಿವ ರಾಯರು ಶಾಲೆ ಬಿಟ್ಟವರಿಗಾಗಿ ರಾಷ್ಟ್ರೀಯ ವಿದ್ಯಾಲಯವನ್ನು ನಡೆಸಲು ತಮ್ಮ ಸಂಪತ್ತನ್ನು ವ್ಯಯಮಾಡಿದರು. ಅಸಹಕಾರದ ಸ್ವರೂಪವೇ ಶಾಲೆಯನ್ನು ಒಂದು ಬಗೆಯ ಇಕ್ಕಟ್ಟಿನಿಂದ ಪಾರುಮಾಡಿತು ಎನ್ನಬಹುದು. ಇಲ್ಲಿ ವಿದ್ಯಾರ್ಥಿಯು ಒಳಗೆ ಬರಲು ಹಟ ಹಿಡಿಯಲಿಲ್ಲ, ತಾನಾಗಿಯೇ ಹೊರಗೆ ಹೋದನು. ಬಾಗಿಲನ್ನು ಮುಚ್ಚುವ ಪ್ರಸಂಗ ಬರಲಿಲ್ಲ. ಹೋದವನು ಮರಳಿ ಬಂದಾಗ ಅದನ್ನು ತೆರೆಯಬೇಕೇ ಎಂಬ ಪ್ರಶ್ನೆಯಷ್ಟೇ ಉಳಿಯಿತು.

3. ಆವರಣದಿಂದ ಬೀದಿಗೆ

ಇದಕ್ಕೆ ವ್ಯತಿರಿಕ್ತವಾದ ಚಿತ್ರ 1928ರ ಬೆಂಗಳೂರಿನದು. ಅಂದಿನ ಮೈಸೂರು ಸಂಸ್ಥಾನದ ಈ ನಿದರ್ಶನವನ್ನು ಇಲ್ಲಿ ತರಲು ಕಾರಣವಿದೆ: ಶಾಲೆಯ ಆವರಣದಲ್ಲಿನ ಒಂದು ಧಾರ್ಮಿಕ ಚಿಹ್ನೆಯ ಸುತ್ತ ಹಬ್ಬಿದ ವಿವಾದ ಅದು. ಸುಲ್ತಾನಪೇಟೆಯ ಸರ್ಕಾರಿ ಶಾಲೆಯ ಆವರಣದಲ್ಲಿದ್ದ ಗಣಪತಿಯ ವಿಗ್ರಹ ಮತ್ತು ಅದರ ಮಂಟಪದ ವಿಷಯದಲ್ಲಿ ತಲೆದೋರಿದ ಭಿನ್ನಾಭಿಪ್ರಾಯ ವಿದ್ಯಾರ್ಥಿಗಳ ಪ್ರತಿಭಟನೆಗೆ ದಾರಿಯಾಯಿತು, ಪ್ರತಿಭಟನೆ ಮೆರವಣಿಗೆಯಾಯಿತು, ಬಂಧನಗಳಾದವು, ಜುಲೈ ತಿಂಗಳ ಕೊನೆಯ ಹೊತ್ತಿಗೆ ಅದು ಮತೀಯ ಗಲಭೆಯಾಗಿ ಪರಿಣಮಿಸಿತು. ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರ ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಶಾಲೆಯ ಗೋಡೆಯೊಳಗೆ ಹುಟ್ಟಿದ ತಕರಾರು ಗೋಡೆಯನ್ನು ದಾಟಿದ ಮೇಲೆ ಅದನ್ನು ಮರಳಿ ಒಳಕ್ಕೆ ತರುವ ಶಕ್ತಿ ಯಾವ ಉಪಾಧ್ಯಾಯನಿಗೂ ಉಳಿಯಲಿಲ್ಲ.

1942ರ ಆಗಸ್ಟಿನಲ್ಲಿ 'ಭಾರತ ಬಿಟ್ಟು ತೊಲಗಿ' ಚಳವಳಿ ಕನ್ನಡನಾಡಿನ ಶಾಲೆ ಕಾಲೇಜುಗಳನ್ನು ಖಾಲಿಮಾಡಿದಾಗ ಬೀದಿಯ ಅಪಾಯ ಇನ್ನೂ ಸ್ಪಷ್ಟವಾಯಿತು. ಹುಬ್ಬಳ್ಳಿಯಲ್ಲಿ ನಾರಾಯಣ ಡೋಣಿ ಎಂಬ ಬಾಲಕನು ಪೋಲೀಸರ ಗುಂಡಿಗೆ ಬಲಿಯಾದನು. ನಾಗಪುರದ ನಿರ್ಣಯ ಯಾವ ವಯಸ್ಸಿನವರನ್ನು ತಂದೆತಾಯಿಗಳ ವಶಕ್ಕೆ ಬಿಟ್ಟಿದ್ದಿತೋ ಆ ವಯಸ್ಸಿನವನು ಅವನು.

4. ಎರಡು ನ್ಯಾಯನಿರ್ಣಯಗಳು

ಪರಾಡಳಿತದ ಕಾಲದಲ್ಲಿ ಶಾಲೆಯ ಶಿಸ್ತು ಸರ್ಕಾರದ ಸುತ್ತೋಲೆಯಿಂದ ನಿರ್ಣಯವಾಗುತ್ತಿದ್ದರೆ, ಸಂವಿಧಾನಬದ್ಧ ರಾಜ್ಯದಲ್ಲಿ ಅದು ನ್ಯಾಯಾಲಯದ ಪರಿಶೀಲನೆಗೂ ಒಳಪಟ್ಟಿತು. ಇದನ್ನು ತಿಳಿಯಲು ಎರಡು ನಿದರ್ಶನಗಳು ಸಾಕು: ಒಂದು ದೂರದ ಅಮೆರಿಕೆಯದು, ಇನ್ನೊಂದು ನೆರೆಯ ಕೇರಳದ್ದು.

1965ರ ಡಿಸೆಂಬರಿನಲ್ಲಿ ಅಮೆರಿಕೆಯ ಡಿ ಮಾಯಿನ್ ನಗರದ ಕೆಲವು ವಿದ್ಯಾರ್ಥಿಗಳು ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಬರಲು ನಿಶ್ಚಯಿಸಿದರು. ಸುದ್ದಿ ಮುಂಚಿತವಾಗಿಯೇ ತಿಳಿಯಿತು. ಮುಖ್ಯೋಪಾಧ್ಯಾಯರು ಸಭೆ ಸೇರಿ, ಪಟ್ಟಿ ಕಟ್ಟಿಕೊಂಡು ಬಂದವರು ಅದನ್ನು ತೆಗೆಯಬೇಕು, ತೆಗೆಯದವರನ್ನು ಮನೆಗೆ ಕಳುಹಿಸಬೇಕು ಎಂಬ ಹೊಸ ನಿಯಮವನ್ನು ಮಾಡಿದರು. ಹೊರಗೆ ಹೋದ ಮಕ್ಕಳು ತಾವು ಗೊತ್ತುಪಡಿಸಿಕೊಂಡಿದ್ದ ಪ್ರತಿಭಟನೆಯ ಅವಧಿ ಮುಗಿಯುವವರೆಗೂ ಮರಳಲಿಲ್ಲ. 1969ರಲ್ಲಿ ಅಲ್ಲಿನ ಪರಮೋಚ್ಚ ನ್ಯಾಯಾಲಯ, ಏಳು ಮಂದಿ ನ್ಯಾಯಮೂರ್ತಿಗಳ ಬಹುಮತದಿಂದ, ಮಕ್ಕಳ ಪರವಾಗಿ ತೀರ್ಪಿತ್ತಿತು. ಗದ್ದಲವಾದೀತೆಂಬ ಬರಿಯ ಅಂಜಿಕೆ ಸಾಲದು, ಶಾಲೆಯ ಕೆಲಸಕ್ಕೆ ಗಣನೀಯವಾದ ಅಡ್ಡಿಯಾಗುವುದೆಂದು ನಂಬಲು ಆಧಾರವಿರಬೇಕು ಎಂಬುದು ತೀರ್ಪಿನ ಸಾರ. ಇಬ್ಬರು ನ್ಯಾಯಮೂರ್ತಿಗಳು ಭಿನ್ನಮತವನ್ನು ಬರೆದರು.

ಕೇರಳದ ಕಿಡಂಗೂರಿನ ಹೈಸ್ಕೂಲಿನಲ್ಲಿ ಯೆಹೋವನ ಸಾಕ್ಷಿಗಳೆಂಬ ಪಂಥಕ್ಕೆ ಸೇರಿದ ಮೂವರು ಮಕ್ಕಳು ರಾಷ್ಟ್ರಗೀತೆಯ ಹೊತ್ತಿನಲ್ಲಿ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಇದು ಪ್ರತಿಭಟನೆಯಲ್ಲ, ಶ್ರದ್ಧೆಯ ವಿಷಯ. ಆದರೂ ನಮ್ಮ ವಿಚಾರಕ್ಕೆ ಬೆಳಕು ನೀಡುತ್ತದೆ. ವಿಷಯ ಶಾಸನಸಭೆಯಲ್ಲಿ ಪ್ರಸ್ತಾಪವಾದ ಮೇಲೆ, 1985ರ ಜುಲೈನಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಯ ಸೂಚನೆಯಂತೆ ಮುಖ್ಯೋಪಾಧ್ಯಾಯಿನಿ ಮಕ್ಕಳನ್ನು ಹೊರಹಾಕಿದರು. ಸರ್ಕಾರದ ಆದೇಶ ಬರುವವರೆಗಾದರೂ ಮಕ್ಕಳನ್ನು ಕೂರಿಸಿಕೊಳ್ಳಿರೆಂದು ತಂದೆ ಬೇಡಿಕೊಂಡಾಗ ಆಕೆ ತಮ್ಮ ಅಸಹಾಯಕತೆಯನ್ನು ತೋಡಿಕೊಂಡರು. 1986ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ಮಕ್ಕಳನ್ನು ಮರಳಿ ಸೇರಿಸಿಕೊಳ್ಳುವಂತೆ ಆಜ್ಞೆ ಮಾಡಿತು. ಆ ಮುಖ್ಯೋಪಾಧ್ಯಾಯಿನಿಯ ಅಸಹಾಯಕತೆ ನಮ್ಮ ಚರಿತ್ರೆಯಲ್ಲಿ ಲಕ್ಷ್ಯಕ್ಕೆ ಅರ್ಹವಾದುದು. ಮಕ್ಕಳನ್ನು ದಿನವೂ ಕಂಡು ಬಲ್ಲವರ ಕೈಯಲ್ಲಿ ಅಧಿಕಾರವಿರಲಿಲ್ಲ. ಅಧಿಕಾರವಿದ್ದವರು ಮಕ್ಕಳನ್ನು ಬಲ್ಲವರಾಗಿರಲಿಲ್ಲ.

5. ಕುಂದಾಪುರ, 2022

ಈ ಹಿನ್ನೆಲೆಯಲ್ಲಿ ನಮ್ಮ ಸೀಮೆಯ ಇತ್ತೀಚಿನ ಘಟನೆಯನ್ನು ನೋಡಬಹುದು. ಹಿಜಾಬಿನ ಹಕ್ಕುಬಾಧ್ಯತೆಗಳ ನಿರ್ಣಯ ಈ ಲೇಖನದ ವ್ಯಾಪ್ತಿಗೆ ಸೇರಿದುದಲ್ಲ. ಶಾಲೆಯ ಆಡಳಿತ ಹೇಗೆ ನಡೆಯಿತೆಂಬುದಷ್ಟೇ ಇಲ್ಲಿಯ ವಿಷಯ.

2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ಧರಿಸಿದ ಕೆಲವು ವಿದ್ಯಾರ್ಥಿನಿಯರಿಗೆ ತರಗತಿಯ ಪ್ರವೇಶ ನಿರಾಕರಿಸಲ್ಪಟ್ಟಿತು. 2022ರ ಫೆಬ್ರವರಿ 2ರಂದು ಕುಂದಾಪುರದ ಸರ್ಕಾರಿ ಪದವಿಪೂರ್ವ ಕಾಲೇಜಿಗೆ ಅನೇಕ ಹುಡುಗರು ಹಿಜಾಬನ್ನು ವಿರೋಧಿಸಿ ಕೇಸರಿ ಶಾಲುಗಳನ್ನು ಹೊದ್ದು ಬಂದರು. ಮರುದಿನ, ಫೆಬ್ರವರಿ 3ರಂದು, ಹಿಜಾಬ್ ಧರಿಸಿ ಬಂದ ವಿದ್ಯಾರ್ಥಿನಿಯರನ್ನು ಗೇಟಿನಲ್ಲಿಯೇ ತಡೆಯಲಾಯಿತು. ಇದುವರೆಗೆ ಹೀಗೆಯೇ ತರಗತಿಯಲ್ಲಿ ಕುಳಿತಿದ್ದೆವು, ಪರೀಕ್ಷೆ ಹತ್ತಿರ ಬಂದಿದೆ ಎಂಬುದು ಅವರ ಮಾತು. ಸಮವಸ್ತ್ರದ ನಿಯಮವನ್ನು ಎಲ್ಲರೂ ಪಾಲಿಸಬೇಕು ಎಂಬುದು ಕಾಲೇಜಿನ ನಿಲುವು. ಫೆಬ್ರವರಿ 5ರಂದು ರಾಜ್ಯ ಸರ್ಕಾರ 1983ರ ಕರ್ನಾಟಕ ಶಿಕ್ಷಣ ಅಧಿನಿಯಮದ ಅಧಿಕಾರವನ್ನು ಬಳಸಿ ಸಮವಸ್ತ್ರದ ಆದೇಶವನ್ನು ಹೊರಡಿಸಿತು. 7ರಂದು ಕುಂದಾಪುರದ ವಿದ್ಯಾರ್ಥಿನಿಯರನ್ನು ಗೇಟಿನ ಒಳಗೆ ಬಿಟ್ಟು, ಪಾಠವಿಲ್ಲದ ಬೇರೆ ಕೋಣೆಯಲ್ಲಿ ಕೂರಿಸಲಾಯಿತು. 8ರಂದು ಮುಖ್ಯಮಂತ್ರಿಗಳು ರಾಜ್ಯದ ಎಲ್ಲ ಹೈಸ್ಕೂಲು ಕಾಲೇಜುಗಳಿಗೆ ಮೂರು ದಿನಗಳ ರಜೆಯನ್ನು ಘೋಷಿಸಿದರು. 10ರಂದು ಉಚ್ಚ ನ್ಯಾಯಾಲಯದ ಪೂರ್ಣಪೀಠ, ಸಮವಸ್ತ್ರವನ್ನು ಗೊತ್ತುಪಡಿಸಿದ ಸಂಸ್ಥೆಗಳ ತರಗತಿಗಳಲ್ಲಿ ಹಿಜಾಬಾಗಲಿ ಕೇಸರಿ ಶಾಲಾಗಲಿ ಕೂಡದೆಂದು ಮಧ್ಯಂತರ ಆಜ್ಞೆಯನ್ನಿತ್ತಿತು. 14ರಂದು ಹೈಸ್ಕೂಲುಗಳು ತೆರೆದಾಗ ಉಡುಪಿ ಜಿಲ್ಲೆಯಲ್ಲಿ ಪ್ರತಿಯೊಂದು ಹೈಸ್ಕೂಲಿನ ಸುತ್ತ 200 ಮೀಟರುಗಳಲ್ಲಿ ನಿಷೇಧಾಜ್ಞೆ ಜಾರಿಯಲ್ಲಿದ್ದಿತು.

ಈ ದಿನಾಂಕಗಳ ಅನುಕ್ರಮವೇ ಒಂದು ಪಾಠವನ್ನು ಹೇಳುತ್ತದೆ. ಶಾಲುಗಳು ಕಾಣಿಸಿಕೊಂಡ ದಿನಕ್ಕೂ ಗೇಟು ಮುಚ್ಚಿದ ದಿನಕ್ಕೂ ನಡುವೆ ಇದ್ದುದು ಒಂದು ರಾತ್ರಿ. ಅಲ್ಲಿಂದ ಮುಂದೆ ಎರಡು ದಿನಗಳಲ್ಲಿ ವಿಷಯ ಸಚಿವಾಲಯಕ್ಕೆ ಏರಿತು. ಐದು ದಿನಗಳಲ್ಲಿ ಮುಖ್ಯಮಂತ್ರಿಗಳ ಕೈಗೆ ಹೋಯಿತು. ಒಂದು ವಾರದಲ್ಲಿ ನ್ಯಾಯಾಲಯದ ಆಜ್ಞೆಯಾಯಿತು. ಹತ್ತು ಹನ್ನೊಂದು ದಿನಗಳ ಹೊತ್ತಿಗೆ, ವಿವಾದದ ಸೋಂಕೇ ಇಲ್ಲದ ಹಳ್ಳಿಯ ಹೈಸ್ಕೂಲಿನ ಎಂಟನೆಯ ತರಗತಿಯ ಹುಡುಗನೂ ನಿಷೇಧಾಜ್ಞೆಯ ವೃತ್ತವನ್ನು ಹಾದು ಪಾಠಕ್ಕೆ ಹೋಗಬೇಕಾಯಿತು.

2022ರ ಮಾರ್ಚ್ 15ರಂದು ಉಚ್ಚ ನ್ಯಾಯಾಲಯ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನವಾದ ತೀರ್ಪುಗಳನ್ನು ಕೊಟ್ಟರು. ನ್ಯಾಯಮೂರ್ತಿ ಹೇಮಂತ್ ಗುಪ್ತರಿಗೆ ಸಮಾನತೆ ಮತ್ತು ಶಿಸ್ತುಗಳ ದೃಷ್ಟಿಯಿಂದ ಸಮವಸ್ತ್ರದ ಕಡ್ಡಾಯ ಸರಿಯೆನಿಸಿತು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು ಶಾಲೆಯ ಬಾಗಿಲಲ್ಲಿ ಹುಡುಗಿಯನ್ನು ತಡೆದುದರ ಪರಿಣಾಮ ಅವಳ ವಿದ್ಯಾಭ್ಯಾಸದ ಮೇಲೆ ಏನಾಗುವುದೆಂಬ ಪ್ರಶ್ನೆಯನ್ನು ಮುಂದಿಟ್ಟರು. ಸರ್ವೋಚ್ಚ ನ್ಯಾಯಾಲಯದ ಮೊಕದ್ದಮೆಗೆ ಹೆಸರು ಬಂದುದು ಕುಂದಾಪುರದ ವಿದ್ಯಾರ್ಥಿನಿಯೊಬ್ಬಳಿಂದ ಎಂಬುದನ್ನು ಇಲ್ಲಿ ನೆನೆಯಬೇಕು.

6. ಸಮಾಲೋಚನೆ

ಶತಮಾನಕ್ಕೂ ಮಿಕ್ಕಿದ ಈ ಅವಧಿಯ ನಿದರ್ಶನಗಳು ಕಾರಣದಲ್ಲಿ, ಪಕ್ಷದಲ್ಲಿ, ನ್ಯಾಯಾನ್ಯಾಯಗಳಲ್ಲಿ ಒಂದಕ್ಕೊಂದು ಹೋಲುವುದಿಲ್ಲ. ಪರಾಡಳಿತವನ್ನು ಧಿಕ್ಕರಿಸಿದ ಹುಡುಗನನ್ನೂ ಸಹಪಾಠಿಯ ಉಡುಪನ್ನು ವಿರೋಧಿಸಿದ ಹುಡುಗನನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಚರಿತ್ರೆಗೆ ಒಪ್ಪುವ ಮಾತಲ್ಲ. ಪ್ರತಿಭಟಿಸಿ ಹೊರಗೆ ಹೋದವರೂ ಓದಲು ಬಂದು ಹೊರಗುಳಿದವರೂ ಒಂದೇ ಅಲ್ಲ. ಆದರೆ ಶಾಲೆಯ ಕಡೆಯಿಂದ ನೋಡಿದಾಗ ಕೆಲವು ಸಾಮಾನ್ಯ ಲಕ್ಷಣಗಳು ಕಂಡುಬರುತ್ತವೆ.

ಮೊದಲನೆಯದು ಶಾಲೆಯ ಸಾಧನಗಳನ್ನು ಕುರಿತದ್ದು. ಸರ್ಟಿಫಿಕೇಟು, ಗೇಟು, ರಜೆ ಎಂಬ ಮೂರೇ ಸಾಧನಗಳು ಮತ್ತೆ ಮತ್ತೆ ಬಳಕೆಗೆ ಬಂದಿವೆ. ಇವು ಮೂರೂ ಹಾಜರಿಯ ಮೇಲೆ ಕೆಲಸಮಾಡುತ್ತವೆಯೇ ಹೊರತು ತಕರಾರಿನ ಮೇಲಲ್ಲ. ಗುಂಪು ಸೇರುವುದನ್ನು ತಪ್ಪಿಸಲು ರಜೆ ಕೆಲವೊಮ್ಮೆ ಅನಿವಾರ್ಯವಾಗಬಹುದು. ಪ್ರಾಣಕ್ಕೆ ಅಪಾಯವಿರುವಲ್ಲಿ ಅದನ್ನು ಯಾರೂ ಆಕ್ಷೇಪಿಸರು. ಆದರೆ ರಜೆ ಮುಗಿದ ದಿನ ಅದೇ ಹುಡುಗರು ಅದೇ ಬೆಂಚುಗಳ ಮೇಲೆ ಬಂದು ಕೂರಬೇಕು. ಅವರು ಒಬ್ಬರನ್ನೊಬ್ಬರು ಹೇಗೆ ಕಾಣುವರೆಂಬುದನ್ನು ರಜೆ ನಿರ್ಧರಿಸುವುದಿಲ್ಲ.

ಎರಡನೆಯದು ಅಧಿಕಾರವನ್ನು ಕುರಿತದ್ದು. 1907ರಲ್ಲಿ ಸಹಾಯಧನದ ಭಯದಿಂದ ಆರಂಭವಾದ ಮುಖ್ಯೋಪಾಧ್ಯಾಯನ ಪರಾಧೀನತೆ ಸ್ವತಂತ್ರ ಭಾರತದಲ್ಲಿ ಕಡಮೆಯಾಗಲಿಲ್ಲ. ದಂಡದ ಭಯಕ್ಕೆ ಬದಲಾಗಿ ಆದೇಶಕ್ಕೆ ಕಾಯುವ ಅಭ್ಯಾಸ ಬಂದಿತು. ಆದೇಶ ಸಾಮಾನ್ಯವಾದುದು, ಎಲ್ಲ ಊರಿಗೂ ಒಂದೇ. ತಕರಾರು ಮಾತ್ರ ಒಂದು ಊರಿನದು, ಒಂದು ತರಗತಿಯದು, ಹೆಸರು ಹಿಡಿದು ಕರೆಯಬಹುದಾದ ಕೆಲವರದು. ಸುದ್ದಿಗೂ ಕೃತಿಗೂ ನಡುವಣ ಅವಕಾಶದಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿ ಕೇಳಲು, ತಂದೆತಾಯಿಗಳನ್ನು ಕರೆಸಿ ಮಾತನಾಡಲು ಸಾಧ್ಯವಿರುವುದು ಶಾಲೆಯಲ್ಲಿದ್ದವನಿಗೆ ಮಾತ್ರ. ಆ ಅವಕಾಶ ಮೇಲಕ್ಕೆ ಹೋದಷ್ಟೂ ಮಾತಿನ ಜಾಗಕ್ಕೆ ಗೇಟು ಬರುತ್ತದೆ.

ಮೂರನೆಯದು ವಯಸ್ಸನ್ನು ಕುರಿತದ್ದು. ಹದಿನಾರರ ಗೆರೆ ಎಂದೂ ಶಾಲೆಯ ಗೋಡೆಯ ಮೇಲೆ ಸರಿಯಾಗಿ ಕೂತಿಲ್ಲ. ಕುಂದಾಪುರದ ಗೇಟಿನ ಹೊರಗೆ ನಿಂತವರೂ ಶಾಲು ಹೊದ್ದು ಬಂದವರೂ ಈ ಗೆರೆಯ ಆಚೀಚೆಯ ವಯಸ್ಸಿನವರೇ. ತಮ್ಮ ಮನಸ್ಸಿನ ಮಾತನ್ನು ಹೇಳಬಲ್ಲಷ್ಟು ದೊಡ್ಡವರು, ಕಳೆದುಹೋದ ಒಂದು ವರ್ಷದ ಬೆಲೆಯನ್ನು ತಿಳಿಯಲಾರದಷ್ಟು ಚಿಕ್ಕವರು. ಅವರಿಗಾಗಿ ಆ ಬೆಲೆಯನ್ನು ತಿಳಿದಿರಬೇಕಾದುದು ಶಾಲೆಯ ಧರ್ಮ.

ಪಂಚಗಂಗಾವಳಿಗೂ ಸೀತಾ, ಸ್ವರ್ಣಾ ನದಿಗಳಿಗೂ ಈಗ ಸೇತುವೆಗಳಾಗಿವೆ. ಬೈಂದೂರು, ಬ್ರಹ್ಮಾವರಗಳು ತಾಲ್ಲೂಕು ಕೇಂದ್ರಗಳಾಗಿವೆ. ಒಂದು ಶಾಲೆಯ ಬಾಗಿಲು ಮುಚ್ಚಿದರೆ ಇನ್ನೊಂದು ಶಾಲೆ ದೂರವಿಲ್ಲವೆಂದು ಹೇಳುವುದು ಸುಲಭ. ಆದರೆ ಪರೀಕ್ಷೆಗೆ ಎರಡು ತಿಂಗಳಿರುವಾಗ ಹೊರಗೆ ನಿಂತವಳಿಗೆ, ಹಿಂದೆ ಕಡವಿನಲ್ಲಿ ನಿಂತ ಹುಡುಗನಿಗೆ ಕಂಡಷ್ಟೇ ದೂರದಲ್ಲಿ ಆ ಇನ್ನೊಂದು ಶಾಲೆ ಕಂಡಿರಬೇಕು. ಮುಂದೆ ಇಂಥ ಸುದ್ದಿ ಕಿವಿಗೆ ಬಿದ್ದಾಗ ಮೇಲಿನ ಆದೇಶಕ್ಕೆ ಬರೆಯುವ ಮೊದಲು ತರಗತಿಗೆ ಹೋಗಿ ಕೇಳುವ ಅಧಿಕಾರ ಮತ್ತು ಧೈರ್ಯಗಳು ನಮ್ಮ ಉಪಾಧ್ಯಾಯರಿಗೆ ಇರಬೇಕೆಂಬುದೇ ಈ ವಿವೇಚನೆಯಿಂದ ಹೊರಡುವ ನಿರ್ಣಯ.